ವಿಳಾಸ ಸಿಕ್ಕ ಕೈಗವಸು

ನೂರಾ ಆರು ವರ್ಷಗಳಲ್ಲಿ ಮೊದಲ ಸಲ ಟಿಂಕರ್ ಕೋವ್‌ನ ಯುದ್ಧ ಸ್ಮಾರಕ ಸಮಿತಿಯ ಅಧ್ಯಕ್ಷನಿಗೆ ಕೈಗವಸು ಸಿಗಲಿಲ್ಲ.

ರೂಪರ್ಟ್ ಸ್ನೂಕ್ ಎರಡೂ ಕೈ ಮುಂದಕ್ಕೆ ಚಾಚಿಕೊಂಡು ನಿಂತೇ ಇದ್ದ. ಎದುರಿಗೆ ಎಂಬತ್ತೊಂದು ವರ್ಷದ ಥರ್ಜಾ ನೀಲಿ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಸುತ್ತ ನಿಂತಿದ್ದ ನಲವತ್ತು ಜನಕ್ಕೂ ಮುಂದೇನು ನಡೆಯಬೇಕೆಂಬುದು ಬಾಯಿಪಾಠ. ಥರ್ಜಾ ಕೈಗವಸು ಕೊಡಬೇಕು, "ತಲುಪಿಸು" ಅನ್ನಬೇಕು. ರೂಪರ್ಟ್ ತಲೆಯಾಡಿಸಿ ತೆಗೆದುಕೊಳ್ಳಬೇಕು. ಆಮೇಲೆ ಅವನು ಕಲ್ಲಿನ ಮೇಲಿನ ಹನ್ನೊಂದು ಹೆಸರುಗಳನ್ನು ಓದುವಷ್ಟು ಹೊತ್ತು ಅವಳು ಕಲ್ಲಿಗೆ ಬೆನ್ನು ತಿರುಗಿಸಿ ಸಮುದ್ರ ನೋಡುತ್ತಾ ನಿಲ್ಲಬೇಕು. ಅದೂ ಮುಗಿದ ಮೇಲೆ ಎಲ್ಲರೂ ಸಭಾಂಗಣಕ್ಕೆ ಹೋಗಿ ಚಹಾ ಕುಡಿಯಬೇಕು.

"ಎಲ್ಲಿ ಥರ್ಜಕ್ಕ?" ರೂಪರ್ಟ್ ಮೆಲ್ಲಗೆ ಕೇಳಿದ.

"ಏನು ಎಲ್ಲಿ?"

"ಅದೇ, ಪ್ರತಿ ವರ್ಷ ಕೊಡ್ತೀರಲ್ಲ."

"ಈ ವರ್ಷ ನಿನಗಿಲ್ಲ ಕಣೋ. ವಿಳಾಸ ಸಿಕ್ಕಿದೆ. ನಾನೇ ಹೋಗಿ ತಲುಪಿಸ್ತೀನಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ರೂಪರ್ಟನ ಹೆಂಡತಿ ಗಂಡನ ಕೋಟು ಹಿಡಿದೆಳೆದು "ಕೈ ಕೆಳಗಿಳಿಸ್ರೀ, ಭಿಕ್ಷೆಗೆ ನಿಂತ ಹಾಗಿದೆ" ಅಂದಳು. ಥರ್ಜಾ ಕಲ್ಲಿಗೆ ಬೆನ್ನು ತಿರುಗಿಸಿದಳು. ಅದನ್ನು ಮಾತ್ರ ತಪ್ಪಿಸಲಿಲ್ಲ.

ಇದರ ಬುಡ ಹಿಡಿಯಬೇಕಾದರೆ ಮೊದಲನೇ ಮಹಾಯುದ್ಧದವರೆಗೆ ಹಿಂದೆ ಹೋಗಬೇಕು. ನಮ್ಮ ನ್ಯೂಫೌಂಡ್‌ಲೆಂಡ್ ದ್ವೀಪದಲ್ಲಿ ಯಾವ ಜಗಳದ ಬುಡ ಹಿಡಿದರೂ ಅಲ್ಲಿಗೇ ಹೋಗಿ ಮುಟ್ಟುತ್ತದೆ, ಇಲ್ಲವೇ ಮೀನಿಗೆ. ಟಿಂಕರ್ ಕೋವ್‌ನಿಂದ ಯುದ್ಧಕ್ಕೆ ಹೋದವರು ಹದಿಮೂರು ಜನ. ಹನ್ನೊಂದು ಜನ ಸತ್ತರು. ಒಬ್ಬ ತಿರುಗಿ ಬಂದ, ಅವನು ಅಂಗಡಿಯ ಸಾಹುಕಾರನ ಮಗ ಜೇಬೆಜ್ ಸ್ನೂಕ್. ಹದಿಮೂರನೆಯವನು ಅಜರಾಯ ಪೆಲ್ಲಿ. ವಯಸ್ಸು ಹದಿನೇಳು, ಸೈನ್ಯದವರಿಗೆ ಹತ್ತೊಂಬತ್ತು ಅಂತ ಸುಳ್ಳು ಹೇಳಿ ಸೇರಿದ್ದ. ಅವನು ಸತ್ತ ಸುದ್ದಿಯೂ ಬರಲಿಲ್ಲ, ಅವನೂ ಬರಲಿಲ್ಲ. ಫ್ರಾನ್ಸಿನಲ್ಲಿ ಅಕ್ಟೋಬರ್ ತಿಂಗಳ ಮಳೆಯಲ್ಲಿ ಅವನು ಕಂದಕ ಬಿಟ್ಟು ಹಿಂದಕ್ಕೆ ನಡೆದುಹೋಗುತ್ತಿದ್ದುದನ್ನು ಕಣ್ಣಾರೆ ಕಂಡೆನೆಂದು ಜೇಬೆಜ್ ಮೇಲಿನವರಿಗೆ ಹೇಳಿದ. ಜೇಬೆಜ್ ಆಗ ಸಾರ್ಜೆಂಟ್. ಸಾರ್ಜೆಂಟಿನ ಮಾತು, ಕಾಗದಕ್ಕೇರಿತು. 'ಅನುಮತಿಯಿಲ್ಲದೆ ಗೈರುಹಾಜರಿ.' ಎರಡೇ ಪದ. ಅಲ್ಲಿಗೆ ಒಬ್ಬ ಹುಡುಗನ ಕಥೆ ಮುಗಿಸಿಬಿಟ್ಟರು.

ಯುದ್ಧ ಮುಗಿದ ಮರುವರ್ಷ ಹಡಗಿನಲ್ಲಿ ಸ್ಮಾರಕದ ಕಲ್ಲು ಬಂತು. ಸಮಿತಿಗೆ ಅಧ್ಯಕ್ಷ ಜೇಬೆಜ್ಜೇ. ಕಲ್ಲಿನಲ್ಲಿ ಹನ್ನೊಂದು ಹೆಸರು ಕೆತ್ತಿಸಿದರು. ಅಜರಾಯನ ತಾಯಿ ಸೆಲೀನಾ ಜುಲೈ ಒಂದನೇ ತಾರೀಖು, ಇಡೀ ಊರು ಕಲ್ಲಿನ ಸುತ್ತ ನೆರೆದಿದ್ದಾಗ, ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳ ಕೈಯಲ್ಲಿ ಒಂದು ಜೊತೆ ಕೈಗವಸಿತ್ತು. ಬಂದೂಕು ಹಿಡಿಯುವವರಿಗೆ ಹೆಣೆಯುವಂಥದ್ದು: ಹೆಬ್ಬೆರಳಿಗೊಂದು ಗೂಡು, ತೋರುಬೆರಳಿಗೊಂದು ಗೂಡು, ಉಳಿದ ಮೂರು ಬೆರಳಿಗೆ ಸೇರಿ ಒಂದೇ.

"ನನ್ನ ಮಗ ಬೆನ್ನು ತೋರಿಸಿ ಓಡಿದ ಅಂತೀಯಲ್ಲ ಜೇಬೆಜ್," ಅಂದಳಂತೆ. "ಓಡಿಹೋದೋನು ಎಲ್ಲೋ ಒಂದು ಕಡೆ ಬದುಕಿರಬೇಕಲ್ಲ? ಬದುಕಿರೋನಿಗೆ ಚಳಿಯಾಗುತ್ತೆ. ತಗೋ, ತಲುಪಿಸು. ತಲುಪಿಸೋಕೆ ಆಗಲ್ಲ ಅಂದ್ರೆ ಸತ್ತಿದಾನೆ ಅಂತ ಒಪ್ಕೊಂಡು ಹೆಸರು ಕೆತ್ತು. ಎರಡರಲ್ಲಿ ಒಂದು ಮಾಡು."

ಅಷ್ಟು ಹೇಳಿ ಕಲ್ಲಿಗೆ ಬೆನ್ನು ತಿರುಗಿಸಿ ನಿಂತಳು. ಜೇಬೆಜ್ ಆ ಎರಡರಲ್ಲಿ ಒಂದನ್ನೂ ಮಾಡಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೈಗವಸು ಇಸಿದುಕೊಂಡ. ಮರುವರ್ಷ ಮತ್ತೊಂದು ಜೊತೆ, ಅದರ ಮರುವರ್ಷ ಇನ್ನೊಂದು. ಸೆಲೀನಾ ಸತ್ತ ಮೇಲೆ ಮಗಳು ಎಫೀ ಹೆಣೆದಳು. ಎಫೀ ಸಾಯುವಾಗ ಹೆಣೆಯುವ ಕಡ್ಡಿಗಳನ್ನು ತನ್ನ ಮಗಳು ಥರ್ಜಾಳ ಕೈಗಿಟ್ಟು, "ಹೆಸರು ಬೀಳೋವರೆಗೂ ಬಿಡಬೇಡ" ಅಂದಳು. ಅತ್ತಲೂ ಅಧ್ಯಕ್ಷಗಿರಿ ಸ್ನೂಕ್‌ಗಳ ಮನೆ ಬಿಟ್ಟು ಹೋಗಲಿಲ್ಲ. ತಾತನಾಯಿತು, ಅಪ್ಪನಾಯಿತು, ಈಗ ರೂಪರ್ಟ್. ಇಸಿದುಕೊಂಡ ಕೈಗವಸನ್ನು ಅವರು ಯಾರಾದರೂ ಬಡ ಬೆಸ್ತನಿಗೆ ಕೊಡುತ್ತಿದ್ದರು. ಹಾಗಾಗಿ ಟಿಂಕರ್ ಕೋವ್‌ನಲ್ಲಿ ಅಜರಾಯನ ಕೈಗವಸು ಹಾಕಿಕೊಳ್ಳದೆ ಸೀಲ್ ಬೇಟೆಗೆ ಹೋದ ಗಂಡಸೇ ಇಲ್ಲ ಅನ್ನಬಹುದು. ಓಡಿಹೋದವನು ಅನ್ನಿಸಿಕೊಂಡವನು ಊರಿನವರ ಕೈಯೆಲ್ಲಾ ಬೆಚ್ಚಗೆ ಇಟ್ಟಿದ್ದ, ನೋಡಿ. ಹೆಸರು ಮಾತ್ರ ಯಾರಿಗೂ ಬೇಡ.

ಹೋದ ವರ್ಷ ಒಬ್ಬ ಅನಾಮಿಕ ಸೈನಿಕನನ್ನು ಫ್ರಾನ್ಸಿನಿಂದ ತಂದರು. ಅಲ್ಲಿ ಹೆಸರಿಲ್ಲದ ಗೋರಿಯೊಂದರಲ್ಲಿ ನೂರು ವರ್ಷ ಮಲಗಿದ್ದವನು. ನಮ್ಮ ದಳದವನು ಅನ್ನುವುದೊಂದೇ ಗೊತ್ತು, ಮಿಕ್ಕಿದ್ದೇನೂ ಗೊತ್ತಿಲ್ಲ. ರಾಜಧಾನಿ ಸೇಂಟ್ ಜಾನ್ಸ್‌ನ ಯುದ್ಧ ಸ್ಮಾರಕದ ಮುಂದೆ ಕರಿಯ ಕಲ್ಲಿನ ಗೋರಿ ಕಟ್ಟಿ ಮಲಗಿಸಿದರು. ಥರ್ಜಾ ಅಡುಗೆಮನೆಯಲ್ಲಿ ಕೂತು ಅದನ್ನೆಲ್ಲ ಟಿವಿಯಲ್ಲಿ ನೋಡಿದಳು. ಚಹಾ ಆರಿಹೋಯಿತು. ಕೊನೆಗೆ "ಹಾಂ!" ಅಂದಳು, ಟಿವಿ ಆರಿಸಿದಳು, ಉಣ್ಣೆಯ ಬುಟ್ಟಿ ಎಳೆದುಕೊಂಡಳು.

ಆದರೆ ಬೆರಳುಗಳು ಮೊದಲಿನ ಹಾಗಿರಲಿಲ್ಲ. ಗೆಣ್ಣುಗಳು ಊದಿಕೊಂಡು ಕಡ್ಡಿ ಹಿಡಿದರೆ ಪ್ರಾಣ ಹೋಗುವಷ್ಟು ನೋವು. ಹಿಂದೆಲ್ಲ ವಾರಕ್ಕೊಂದು ಜೊತೆ ಮುಗಿಸುತ್ತಿದ್ದವಳಿಗೆ ಈ ಸಲ ಜುಲೈಯಿಂದ ಮೇ ತಿಂಗಳವರೆಗೆ ಹಿಡಿಯಿತು. ಇನ್ನು ಹೆಣಿಗೆ ಸಾಕು ಅಂದುಬಿಟ್ಟರು ಡಾಕ್ಟರು. ಅಂದರೆ ಇದೇ ಕಡೆಯ ಜೊತೆ. ಇವಳ ನಂತರ ಹೆಣೆಯುವವರಿಲ್ಲ. ಇದನ್ನೂ ರೂಪರ್ಟನ ಕೈಗಿಟ್ಟರೆ ಜಗಳ ಅಲ್ಲಿಗೆ ಮುಗಿಯಿತು, ಸ್ನೂಕ್‌ಗಳು ಗೆದ್ದರು, ಅಜರಾಯ ಶಾಶ್ವತವಾಗಿ ಓಡಿಹೋದವನಾದ. ಆ ಯೋಚನೆ ಬಂದಾಗಲೆಲ್ಲ ಥರ್ಜಾ ಇನ್ನೊಂದು ಸಾಲು ಹೆಣೆಯುತ್ತಿದ್ದಳು.

ಈ ವರ್ಷ ಊರಿನ ಕಲ್ಲಿನ ಮುಂದಿನ ಸಭೆಯನ್ನು ಭಾನುವಾರಕ್ಕೇ ಮುಗಿಸಿ, ಜುಲೈ ಒಂದಕ್ಕೆ ರೂಪರ್ಟ್ ಊರಿನ ಪರವಾಗಿ ಸೇಂಟ್ ಜಾನ್ಸ್‌ಗೆ ಹೂಮಾಲೆ ಒಯ್ಯುವುದೆಂದು ಸಮಿತಿ ಗೊತ್ತುಮಾಡಿತ್ತು. ಸೋಮವಾರ ಬೆಳಿಗ್ಗೆ ಅವನ ಕಾರು ಹೊರಟ ಅರ್ಧ ಗಂಟೆಗೆ ಥರ್ಜಾ ತಂಗಿಯ ಮೊಮ್ಮಗಳು ಶೆಲ್ಬಿಯ ಟ್ರಕ್ ಹತ್ತಿ ಕೂತಳು. ಶೆಲ್ಬಿ ಏಡಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮೂವತ್ತನಾಲ್ಕರ ಹೆಂಗಸು. ಬಾಯಿ ಜೋರು, ಮನಸ್ಸು ಮೆತ್ತಗೆ. ಎರಡು ದಿನ ರಜೆ ಹಾಕಿದ್ದಳು.

ಏಳು ಗಂಟೆಯ ದಾರಿ. ಒಂದು ಕಡೆ ಕಾಡು, ಇನ್ನೊಂದು ಕಡೆ ಕೆರೆ, ಮಧ್ಯೆ ದೊಡ್ಡ ಕಡವೆಯಂಥ ಮೂಸ್ ಅಡ್ಡ ಬಂದೀತು ಅಂತ ಮೈಲಿಗೊಂದು ಫಲಕ. ಥರ್ಜಾ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು, ಬೆಳಿಗ್ಗೆ ಕರಿದ ರೊಟ್ಟಿಗೆ ಕಾಕಂಬಿ ಸವರಿ ಶೆಲ್ಬಿಯ ಬಾಯಿಗೆ ತುಂಡು ತುಂಡಾಗಿ ಹಾಕುತ್ತಿದ್ದಳು.

"ಅಜ್ಜಿ, ಒಂದು ಕೇಳಲಾ?"

"ಬಾಯಲ್ಲಿರೋದು ನುಂಗಿ ಕೇಳು."

"ಗೋರಿ ಇಲ್ಲದೆ ಹೋದ ನಮ್ಮೋರು ಎಂಟುನೂರರ ಮೇಲಿದಾರೆ. ಅದರಲ್ಲಿ ಇವನೇ ಅಜರಾಯ ಅಂತ ಹೇಗೆ ನಂಬ್ತೀಯ? ಲಾಟರಿ ಟಿಕೆಟ್ ತಗೊಳ್ಳೋದು ಇದಕ್ಕಿಂತ ವಾಸಿ."

"ವಾರ ವಾರ ಟಿಕೆಟ್ ತಗೊಂಡು ಹರಿದು ಬಿಸಾಕೋ ನೀನು ನನಗೆ ಬುದ್ಧಿ ಹೇಳ್ತೀಯೇನೇ? ಇವನೇ ಅಂತ ನಾನೆಲ್ಲಿ ಅಂದೆ?"

"ಮತ್ತೆ ವಿಳಾಸ ಸಿಕ್ಕಿದೆ ಅಂದೆ?"

"ಹೌದು, ಸಿಕ್ಕಿದೆ. ಸುಮ್ನೆ ರಸ್ತೆ ನೋಡು."

ಸ್ವಲ್ಪ ದೂರ ಹೋದ ಮೇಲೆ ಶೆಲ್ಬಿ ಮತ್ತೆ ಬಾಯಿ ತೆರೆದಳು. ಈ ಸಲ ದನಿ ಇಳಿದಿತ್ತು. "ಬೈಬೇಡ. ಅವನು ನಿಜವಾಗ್ಲೂ ಓಡಿಹೋಗಿದ್ರೆ?"

ಪೆಲ್ಲಿಗಳ ಮನೆಯಲ್ಲಿ ನೂರು ವರ್ಷದಿಂದ ಯಾರೂ ಬಾಯಿ ಬಿಟ್ಟು ಕೇಳದಿದ್ದ ಪ್ರಶ್ನೆ. ಥರ್ಜಾ ಡಬ್ಬಿಯ ಮುಚ್ಚಳ ಹಾಕಿದಳು. ಎರಡು ಕೆರೆ ಹಿಂದೆ ಸರಿದವು. ಈ ಪ್ರಶ್ನೆಯನ್ನು ಹೊರಗೆ ಆಡದಿದ್ದರೂ ಅವಳೇನು ಕೇಳಿಕೊಳ್ಳದವಳಲ್ಲ. ಹೆಣೆಯುವಾಗ, ಕುಣಿಕೆ ತಪ್ಪಿ ಬಿಚ್ಚುವಾಗ, ಎಷ್ಟೋ ಸಲ ಕೇಳಿಕೊಂಡಿದ್ದಳು.

"ಓಡಿಹೋಗಿದ್ರೆ ನನಗೆ ಸಂತೋಷವೇ," ಅಂದಳು ಕೊನೆಗೆ. "ಎಲ್ಲೋ ಮದುವೆ ಮಾಡ್ಕೊಂಡು, ಮಕ್ಕಳು ಮರಿ ಸಾಕ್ಕೊಂಡು, ಮುದುಕನಾಗಿ ಸತ್ತಿದ್ರೆ ಯಾರಿಗೇನು ನಷ್ಟ? ಆದ್ರೆ ಬದುಕಿದ್ದಿದ್ರೆ ಅವ್ವನಿಗೆ ಒಂದು ಕಾಗದ ಹಾಕ್ತಿದ್ದ. ಕಂದಕದಲ್ಲಿ ಕೂತು ವಾರಕ್ಕೆ ಎರಡು ಬರೀತಿದ್ದ ಕಣೇ. ಒಂದರಲ್ಲಿ ಏನು ಬರೆದಿದ್ದ ಗೊತ್ತಾ? 'ಇಲ್ಲಿ ಕೈ ಮರಗಟ್ಟುತ್ತೆ, ಎಲ್ಲರಿಗೂ ಅವರ ಅವ್ವಂದಿರ ಕೈಗವಸು ಬಂತು, ನಂದು ಯಾವಾಗ?' ಸೆಲೀನಜ್ಜಿ ಹೆಣೆದು ಮುಗಿಸೋ ಹೊತ್ತಿಗೆ ಅವನೇ ಇರಲಿಲ್ಲ. ಆ ಜೊತೇನೇ ಜೇಬೆಜ್ ಮುಖಕ್ಕೆ ಹಿಡಿದಿದ್ದು."

ಶೆಲ್ಬಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು.

ಜುಲೈ ಒಂದು ಅಂದರೆ ಬೇಸಿಗೆ ಅಂತ ಕ್ಯಾಲೆಂಡರ್ ಹೇಳುತ್ತದೆ. ಕ್ಯಾಲೆಂಡರ್ ಅಚ್ಚಾಗುವುದು ಬೇರೆಲ್ಲೋ. ಸೇಂಟ್ ಜಾನ್ಸ್‌ನಲ್ಲಿ ಆ ಬೆಳಿಗ್ಗೆ ಬಂದರಿನಿಂದ ಮಂಜು ಎದ್ದು ಬಂದು ಮೈ ನಡುಗಿಸುತ್ತಿತ್ತು. ಮಿಕ್ಕ ಕೆನಡಾಕ್ಕೆಲ್ಲ ಅವತ್ತು ದೇಶದ ಹುಟ್ಟುಹಬ್ಬ. ನಮಗೆ ಮಧ್ಯಾಹ್ನದವರೆಗೆ ಸೂತಕ, ಆಮೇಲೆ ಬೇಕಾದರೆ ಕೇಕು. ಆ ಯುದ್ಧದಲ್ಲಿ ಒಂದೇ ಬೆಳಗಿನಲ್ಲಿ ನಮ್ಮ ಎಂಟುನೂರು ಹುಡುಗರು ಕಂದಕದಿಂದ ಎದ್ದು ಗುಂಡಿಗೆದುರಾಗಿ ನುಗ್ಗಿ, ಮರುದಿನ ಹಾಜರಿ ಕೂಗಿದಾಗ ಅರವತ್ತೆಂಟು ಜನ ಮಾತ್ರ ಓಗೊಟ್ಟ ದಿನವದು. ಯಾರ ಎದೆ ನೋಡಿದರೂ ಪುಟ್ಟ ನೀಲಿ ಹೂವು, ಮರೆಯಬೇಡ ಅನ್ನುವ ಹೂವು.

ದೊಡ್ಡವರ ಭಾಷಣ, ತುತ್ತೂರಿ, ಎಲ್ಲ ಮುಗಿದ ಮೇಲೆ ಸಾಮಾನ್ಯ ಜನ ಗೋರಿಯ ಮೇಲೆ ಹೂವಿಡಲು ಸಾಲು ನಿಂತರು. ಥರ್ಜಾ ಶೆಲ್ಬಿಯ ತೋಳು ಹಿಡಿದು ಮೆಟ್ಟಿಲು ಹತ್ತಿದಳು. ಅವಳ ಮುಂದೆ ಆರು ಜನ ಬಿಟ್ಟು ಮಾಲೆ ಹಿಡಿದ ರೂಪರ್ಟ್ ನಿಂತಿದ್ದ. ಅವಳನ್ನು ಕಂಡದ್ದೇ ಅವನ ಮುಖದ ಬಣ್ಣ ಇಳಿಯಿತು. ಮಾಲೆ ಹಿಡಿದುಕೊಂಡೇ ಸಾಲು ಬಿಟ್ಟು ಹಿಂದಕ್ಕೆ ಬಂದ. ಅಷ್ಟರಲ್ಲಿ ಥರ್ಜಾ ಚೀಲದಿಂದ ಕೈಗವಸು ತೆಗೆದಿದ್ದಳು. ಬೂದು ಉಣ್ಣೆ, ಮೇಲೆ ಕಪ್ಪು ಚೌಕುಳಿ.

"ಥರ್ಜಕ್ಕ, ಬೇಡ," ಅಂದ ಅವನು ಪಿಸುದನಿಯಲ್ಲಿ. "ಇದು ವೀರರ ಜಾಗ. ನಮ್ಮೂರಿನ ಜಗಳ ಇಲ್ಲಿಗೆ ತರಬೇಡಿ. ಅಜರಾಯ ಇಲ್ಲಿಲ್ಲ, ನಿಮಗೂ ಗೊತ್ತು."

"ನನಗೆ ಗೊತ್ತಿಲ್ಲ." ಥರ್ಜಾ ಪಿಸುಗುಡಲಿಲ್ಲ. "ನಿನಗೆ ಗೊತ್ತಾ? ಹಾಗಾದ್ರೆ ಇಲ್ಲಿ ಮಲಗಿರೋನು ಯಾರು? ಹೆಸರು ಹೇಳು. ಹೇಳಪ್ಪ, ನಾಚ್ಕೋಬೇಡ! ನೂರು ವರ್ಷದಿಂದ ಯಾರಿಗೂ ಗೊತ್ತಾಗದಿರೋ ಹೆಸರು ರೂಪರ್ಟ್ ಸ್ನೂಕ್‌ಗೆ ಗೊತ್ತಂತೆ, ಎಲ್ಲರೂ ಕೇಳಿಸ್ಕೊಳ್ಳಿ."

ಸಾಲಿನಲ್ಲಿ ಕೆಲವರು ತಿರುಗಿ ನೋಡಿದರು. ಎದೆಯ ಮೇಲೆ ಪದಕ ಹಾಕಿಕೊಂಡ ಮುದುಕನೊಬ್ಬ ಕಿವಿಯ ಯಂತ್ರ ಸರಿಮಾಡಿಕೊಂಡ.

"ಯಾರು ಅಂತ ಯಾರಿಗೂ ಗೊತ್ತಿಲ್ಲ. ಆದ್ರೆ..."

"ಯಾರು ಅಂತ ಗೊತ್ತಿಲ್ಲ ಅಂದ್ಮೇಲೆ ಯಾರಲ್ಲ ಅಂತಾನೂ ಗೊತ್ತಿಲ್ಲ. ಅಷ್ಟೇ."

"ನಮ್ಮ ತಾತ ಕಣ್ಣಾರೆ ನೋಡಿದ್ರು!" ರೂಪರ್ಟನ ದನಿಯೂ ಏರಿತು. ಎಪ್ಪತ್ತೆರಡು ವರ್ಷದ ಮನುಷ್ಯ, ತಾತನ ಮಾತನ್ನು ಕಾಯುತ್ತಾ ಬಂದವನು. "ಅಜರಾಯ ಹಿಂದಕ್ಕೆ ಹೋಗ್ತಿದ್ದ. ಅವರೇನು ಸುಳ್ಳು ಹೇಳ್ತಾರಾ?"

"ಸುಳ್ಳು ಅಂತ ನಾನು ಅನ್ನಲ್ಲ. ಹಿಂದಕ್ಕೇ ಹೋಗ್ತಿದ್ದ ಅಂತಿಟ್ಕೋ. ಈಗ ಇವನ ವಿಷಯ ಹೇಳು." ಥರ್ಜಾ ಸೊಟ್ಟಗಾದ ಬೆರಳಿನಿಂದ ಕರಿಯ ಕಲ್ಲು ತೋರಿಸಿದಳು. "ಇವನು ಯಾವ ಕಡೆ ಹೋಗ್ತಿದ್ದ? ಗುಂಡು ಎದೆಗೆ ಬಿತ್ತಾ, ಬೆನ್ನಿಗೆ ಬಿತ್ತಾ? ಮುಂದಕ್ಕೆ ನುಗ್ಗಿದ್ನಾ, ಹೆದರ್ಕೊಂಡು ಗುಂಡಿಯಲ್ಲಿ ಕೂತು ಅವ್ವಾ ಅಂತ ಅತ್ನಾ? ಯಾರಾದ್ರೂ ಕೇಳಿದ್ರೇನೋ? ವಿಮಾನದಲ್ಲಿ ತಂದ್ರು, ಊರೆಲ್ಲ ಮೆರೆಸಿದ್ರು, ದೊಡ್ಡ ದೊಡ್ಡೋರು ಬಂದು ತಲೆ ಬಾಗಿಸಿದ್ರು. ಒಬ್ಬರೂ ಕೇಳ್ಲಿಲ್ಲ. ಕೇಳಬಾರದು ಕೂಡ. ಹೋದ, ಬರಲಿಲ್ಲ, ಅಷ್ಟು ಸಾಕು ಅಂದ್ರು. ಹೆಸರಿಲ್ಲದೋನಿಗೆ ಕೇಳದ ಪ್ರಶ್ನೆ ಹೆಸರಿದ್ದೋನಿಗೆ ಯಾಕೋ ಕೇಳ್ತೀರಿ? ಅವನೂ ಹೋದ, ಅವನೂ ಬರಲಿಲ್ಲ!"

ಶೆಲ್ಬಿ ಅವಳ ಬೆನ್ನಿಗೆ ಕೈ ಕೊಟ್ಟಳು. ಪದಕದ ಮುದುಕ "ಇಡೋಕೆ ಬಿಡಪ್ಪ ಆ ಯಮ್ಮನ್ನ, ನಿನ್ನ ಗಂಟೇನು ಹೋಗುತ್ತೆ" ಅಂದ. ಅವನ ಹಿಂದಿದ್ದ ಹೆಂಗಸು "ಹೌದು, ಬಿಡಿ" ಅಂದಳು. ಕಾವಲು ನಿಂತಿದ್ದ ಸಿಪಾಯಿ ನೇರ ಮುಂದಕ್ಕೆ ನೋಡುತ್ತಿದ್ದ.

ರೂಪರ್ಟ್ ಮಾಲೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಆಮೇಲೆ, ಅವಳಿಗೆ ಮಾತ್ರ ಕೇಳಿಸುವ ಹಾಗೆ ಅಂದ: "ನಮ್ಮ ತಾತ ನಿಮ್ಮ ಕೈಗವಸು ಒಂದು ಸಲನೂ ಹಾಕ್ಕೊಳ್ಳಲಿಲ್ಲ ಥರ್ಜಕ್ಕ. ಚಳಿಗೆ ಕೈ ಒಡೆದು ರಕ್ತ ಬಂದ್ರೂ ಮುಟ್ತಿರಲಿಲ್ಲ. ಅಪ್ಪ ಒಂದು ಸಲ ಬಲವಂತ ಮಾಡಿದ್ದಕ್ಕೆ ಕೂತ್ಕೊಂಡು ಅತ್ತುಬಿಟ್ರಂತೆ. ಯಾಕೆ ಅಂತ ಹೇಳಲಿಲ್ಲ. ಕೇಳೋ ಧೈರ್ಯ ನಮಗ್ಯಾರಿಗೂ ಬರಲಿಲ್ಲ."

ಥರ್ಜಾಳಿಗೆ ಇದು ಹೊಸದು. ಇಷ್ಟು ವರ್ಷ ಜೇಬೆಜ್ ಅಂದರೆ ಅವಳಿಗೆ ಬರೀ ಮುಚ್ಚಿದ ಬಾಯಿ, ಚಾಚಿದ ಕೈ. ಆ ಕೈ ಒಡೆದು ರಕ್ತ ಬಂದದ್ದನ್ನು ಅವಳು ಕಲ್ಪಿಸಿಕೊಂಡಿರಲಿಲ್ಲ. ಮನಸ್ಸು ಒಂದು ಗಳಿಗೆ ಕರಗಿತು. ಆದರೆ ಕರಗಿದ ಮಾತ್ರಕ್ಕೆ ಹಠ ಬಿಡುವ ಜಾತಿಯಲ್ಲ ಪೆಲ್ಲಿಗಳದು.

"ಅವನಿಗೆ ಗೊತ್ತಿತ್ತು," ಅಂದಳು. "ಏನೋ ಒಂದು ಗೊತ್ತಿತ್ತು. ಪಾಪ ಮುದುಕ. ಸರಿ, ಈಗ ದಾರಿ ಬಿಡು."

ರೂಪರ್ಟ್ ದಾರಿ ಬಿಟ್ಟ.

ಥರ್ಜಾ ಬಗ್ಗಿದಳು. ಮಂಡಿ ಲಟಲಟ ಅಂದವು. ನೀಲಿ ಹೂವುಗಳನ್ನು ಸ್ವಲ್ಪ ಸರಿಸಿ ಜಾಗ ಮಾಡಿ, ಎರಡು ಕೈಗವಸುಗಳನ್ನು ಅಕ್ಕಪಕ್ಕ, ಅಂಗೈ ಕೆಳಗಾಗಿ ಇಟ್ಟಳು. ಕಲ್ಲು ತಣ್ಣಗಿತ್ತು. ಅದರ ಮೇಲೆ ಬರಿಗೈ ಊರಿ, "ತಡವಾಯ್ತು ಮಗ, ಹಾಕ್ಕೋ" ಅಂದಳು. "ನೀನು ನಮ್ಮೋನಲ್ಲದಿದ್ರೂ ಪರವಾಗಿಲ್ಲ, ಹಾಕ್ಕೋ. ನಿಮ್ಮವ್ವಾನೂ ಎಲ್ಲೋ ಹೆಣೆದಿಟ್ಟಿರ್ತಾಳೆ."

ಮತ್ತೆ ಎದ್ದು ನಿಲ್ಲಲು ಶೆಲ್ಬಿಯೂ ಪದಕದ ಮುದುಕನೂ ಕೈ ಕೊಡಬೇಕಾಯಿತು.

ರೂಪರ್ಟ್ ಮಾಲೆ ಇಟ್ಟು, ಜೇಬಿನಿಂದ ಚೀಟಿ ತೆಗೆದು, ಊರಿನ ಹನ್ನೊಂದು ಹೆಸರು ಓದಲು ಶುರುಮಾಡಿದ. ಓದುತ್ತಲೇ ವಾರೆಗಣ್ಣಿನಿಂದ ಥರ್ಜಾಳನ್ನು ನೋಡಿದ. ಈಗ ತಿರುಗುತ್ತಾಳೆ, ಈಗ ಬೆನ್ನು ಹಾಕುತ್ತಾಳೆ ಅಂತ. ಅವಳು ತಿರುಗಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಆ ಹನ್ನೊಂದು ಹುಡುಗರ ಹೆಸರುಗಳನ್ನು ಎದುರು ನಿಂತು ಕೇಳಿದಳು. ಅವರ ಮೇಲೆ ಅವಳಿಗೆ ಎಂದೂ ಕೋಪವಿರಲಿಲ್ಲ. ಹನ್ನೊಂದನೆಯ ಹೆಸರಾಯಿತು. ರೂಪರ್ಟ್ ಚೀಟಿ ಮಡಚಲಿಲ್ಲ. ಅವಳ ಕಡೆ ನೋಡಿದ.

"ಅಜರಾಯ ಪೆಲ್ಲಿ!" ಅಂತ ಥರ್ಜಾ ತಾನೇ ಕೂಗಿದಳು. ಬಂದರಿನಲ್ಲಿದ್ದ ಹಡಗಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಹಾಜರಿ ಕೂಗುವವರ ಹಾಗೆ. ಪದಕದ ಮುದುಕ ಟೋಪಿ ತೆಗೆದ. ರೂಪರ್ಟ್ ತಲೆ ತಗ್ಗಿಸಿ ನಿಂತ.

ಮೆಟ್ಟಿಲು ಇಳಿಯುವಾಗ ಅವನು ಪಕ್ಕಕ್ಕೆ ಬಂದ. "ಸಮಿತಿ ಸಭೆ ಕರೀತೀನಿ ಥರ್ಜಕ್ಕ. ಏನಾಗುತ್ತೋ ಹೇಳೋಕಾಗಲ್ಲ. ಒಪ್ಪದೋರು ಇದಾರೆ."

"ಕರಿ. ನಾನೂ ಬರ್ತೀನಿ. ಒಪ್ಪದೋರು ಯಾರು ಅಂತ ನನಗೂ ನೋಡ್ಬೇಕು. ಅವರೆಲ್ಲರ ಮನೇಲೂ ಅಜರಾಯನ ಕೈಗವಸು ಇದೆ, ಮೊದಲು ಅದನ್ನ ತಂದು ಮೇಜಿನ ಮೇಲಿಟ್ಟು ಆಮೇಲೆ ಮಾತಾಡಲಿ."

ರೂಪರ್ಟ್ ನಕ್ಕ. ನಗೆಯಲ್ಲಿ ಅಳುವೂ ಇತ್ತು. ಚಳಿಗೆ ಕೆಂಪಾಗಿದ್ದ ಕೈಗಳನ್ನು ಉಜ್ಜಿಕೊಂಡ. "ಅಲ್ಲಾ, ಹಾಗಾದ್ರೆ ಈ ಚಳಿಗಾಲಕ್ಕೆ ನಮ್ಮ ಗತಿ? ಹೋದ ವರ್ಷದ್ದು ನಾನೇ ಇಟ್ಕೊಂಡಿದ್ದೆ, ಬೆರಳು ತೂತಾಗಿದೆ."

"ಕಳ್ಳ ನನ್ಮಗನೇ! ಬಡವರಿಗೆ ಕೊಡ್ತೀನಿ ಅಂತಿದ್ದೆಯಲ್ಲೋ!"

"ಅಜ್ಜಿ, ಡಾಕ್ಟ್ರು ಇನ್ನು ಹೆಣೀಬೇಡ ಅಂದಿದಾರೆ," ಶೆಲ್ಬಿ ನಡುವೆ ಬಾಯಿ ಹಾಕಿದಳು.

"ಡಾಕ್ಟ್ರಿಗೇನು ಗೊತ್ತು?" ಥರ್ಜಾ ಊದಿದ ಬೆರಳುಗಳನ್ನು ಬಿಡಿಸಿ, ಮಡಚಿ, ರೂಪರ್ಟನ ಮೂಗಿನ ಮುಂದೆ ಹಿಡಿದಳು. "ನಮ್ಮೂರ ಕಲ್ಲಿನ ಮೇಲೆ ಹನ್ನೆರಡನೇ ಹೆಸರು ಬೀಳಲಿ. ಬಿದ್ದ ಮರುದಿನವೇ ನಿನ್ನ ಅಳತೆಗೇ, ನಿನ್ನ ಹೆಸರಲ್ಲೇ ಒಂದು ಜೊತೆ ಹೆಣೆದು ಕೊಡ್ತೀನಿ. ಅಲ್ಲೀವರೆಗೆ ಕೈ ಜೇಬಲ್ಲಿಟ್ಕೊ."

ರೂಪರ್ಟ್ ಸ್ನೂಕ್ ಎರಡೂ ಕೈ ಜೇಬಿಗಿಳಿಸಿ, ಅವಳ ಹಿಂದೆ ಮೆಟ್ಟಿಲು ಇಳಿದ.